ಹಸಿರು ಶಾಯಿಯ ಶರಾ

ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸಣ್ಣ ಸದ್ದು, ಒಂದೇ ಸಲ. ಕಣ್ಣು ತೆರೆಯದೆಯೇ ಜಲೀಲಾಗೆ ಅದೇನೆಂದು ತಿಳಿಯಿತು. ಗೋಡೆಯಾಚೆಯ ಮನೆಯಲ್ಲಿ ಯಾರದೋ ಫೋನು ಬಡಿದುಕೊಂಡಿದೆ, ಪಡಸಾಲೆಯಲ್ಲಿ ಕುರ್ಚಿಯ ಮೇಲೆಯೇ ನಿದ್ದೆ ಹೋಗಿದ್ದ ಅಪ್ಪ ಎದ್ದು ನಿಂತಿದ್ದಾನೆ. ಮೂವತ್ತೊಂದು ವರ್ಷ ಗವರ್ನರ್ ಕಚೇರಿಯಲ್ಲಿ ಸಾಹೇಬರ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಜವಾನ ಅವನು. ಈಗ ಕೆಲವು ದಿನ ಮಗಳ ಹೆಸರು ಮರೆಯುತ್ತಾನೆ, ಉಂಡದ್ದು ಮರೆಯುತ್ತಾನೆ, ಹೆಂಡತಿ ಸತ್ತದ್ದನ್ನು ಮರೆತು ಅವಳಿಗೂ ಒಂದು ತಟ್ಟೆ ಇಡು ಅನ್ನುತ್ತಾನೆ. ಫೋನಿನ ಸದ್ದಿಗೆ ಏಳುವುದನ್ನು ಮಾತ್ರ ಅವನ ಮೈ ಮರೆತಿಲ್ಲ. ಹಾಸಿಗೆಯಲ್ಲಿ ಮಲಗಿಸಿದರೂ ಎದ್ದು ಬಂದು ಬಾಗಿಲ ಬಳಿಯ ಕುರ್ಚಿಯಲ್ಲೇ ಕೂರುತ್ತಾನೆ. ಅವಳು ಕಂಬಳಿ ಹೊದ್ದು ಹೊರಗೆ ಬಂದಾಗ ಅವನು ಕತ್ತಲಲ್ಲಿ ಎರಡೂ ಕೈಗಳನ್ನು ತೊಡೆಗೆ ಒತ್ತಿಕೊಂಡು ನಿಂತಿದ್ದ. ಸಾಹೇಬ್ರು ಕೇಳಿದ್ರಾ ಎಂದ. ಇಲ್ಲ ಬಾಬಾ, ಪಕ್ಕದ ಮನೆಯದು, ಕೂತ್ಕೊಳ್ಳಿ ಎಂದಳು. ಅವನು ಕೂತ. ಪೂರ್ತಿ ಕೂರಲಿಲ್ಲ, ಅಂಚಿನಲ್ಲಿ ಕೂತ. ಅದು ಅವಳಿಗೆ ಹೊಸದಲ್ಲ. ಆದರೆ ಈಚಿನ ಒಂಬತ್ತು ದಿನಗಳಿಂದ ಅವಳು ಅದನ್ನು ನೋಡಲಾರದವಳಾಗಿದ್ದಳು. ಹಾಸಿಗೆಗೆ ಮರಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಒಂಬತ್ತು ದಿನದ ಹಿಂದೆ ಅವಳೂ ನಿಂತಿದ್ದಳು. ನಿಂತದ್ದು ಗೊತ್ತಾದದ್ದು ರಿಸೀವರ್ ಕೆಳಗಿಟ್ಟ ಮೇಲೆ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ತಾಗಿತ್ತು, ಎಡಗೈ ಕೋಟಿನ ಗುಂಡಿ ಹಾಕಿ ಮುಗಿಸಿತ್ತು. ಯಾರೂ ನೋಡಲಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಆದರೂ ಅವಳು ಸುತ್ತ ನೋಡಿದಳು, ಆಮೇಲೆ ಗುಂಡಿಯನ್ನು ಬಿಚ್ಚಿದಳು, ಬಿಚ್ಚಿದ್ದಕ್ಕೂ ನಾಚಿದಳು. ಮೂವತ್ತೆಂಟು ವರ್ಷದ ನ್ಯಾಯಾಧೀಶೆ. ಸರ್ಕಾರದ ಆಜ್ಞೆಯನ್ನು ಪ್ರಶ್ನಿಸಿ ಯಾರೇ ಬಂದರೂ ಆ ಕಡತವನ್ನು ಪರಿಶೀಲಿಸಿ ವರದಿ ಬರೆಯುವುದು ಅವಳ ಕೆಲಸ. ಮೊದಲೆಲ್ಲ ಇದಕ್ಕಾಗಿ ಜನ ಟ್ಯೂನಿಸಿಗೆ ಹೋಗಬೇಕಿತ್ತು, ಹೋದವರೂ ಹೋದ ದಾರಿಯಲ್ಲೇ ಸುಮ್ಮನಾಗಿ ಬರುತ್ತಿದ್ದರು. ಆಡಳಿತ ನ್ಯಾಯಾಲಯದ ಶಾಖೆ ಈ ಊರಿಗೆ ಬಂದು ಒಂದೂವರೆ ವರ್ಷ. ಬಂದ ಆರು ತಿಂಗಳಿಗೆ ಸಮುದ್ರದ ದಂಡೆಯ ಹೋಟೆಲೊಂದರಲ್ಲಿ ತರಬೇತಿ ಶಿಬಿರ ನಡೆದಿತ್ತು. ಕಿವಿಗೆ ಯಂತ್ರ ಹಾಕಿಕೊಂಡ ವಿದೇಶಿ ತಜ್ಞರು, ನೀಲಿ ಕಡತಗಳು, ಮಧ್ಯಾಹ್ನ ಮೀನು. ಅಲ್ಲಿ ಅವಳು ಎದ್ದು ಒಂದು ಮಾತು ಹೇಳಿದ್ದಳು: ಪ್ರಶ್ನೆ ಕೇಳಿದಾಗ ಸುಮ್ಮನಿರುವುದು ಇನ್ನು ಮೇಲೆ ಸರ್ಕಾರದ ಹಕ್ಕಲ್ಲ. ಚಪ್ಪಾಳೆ ಬಿದ್ದಿತ್ತು. ಅವಳ ದೇಶಕ್ಕಿಂತ ಇಪ್ಪತ್ತು ವರ್ಷ ಮೊದಲು ಇದೇ ದಾರಿ ಹಿಡಿದ ದೇಶದಿಂದ ಬಂದಿದ್ದ ಮುದುಕಿಯೊಬ್ಬಳು ಅದನ್ನು ಬರೆದುಕೊಂಡಳು, ಊಟದ ಹೊತ್ತಿಗೆ ಬಂದು ಕೈ ಹಿಡಿದು, ಕಾನೂನು ಬೇಗ ಬರುತ್ತೆ ಮಗು, ಬೆನ್ನು ನಿಧಾನಕ್ಕೆ ನೆಟ್ಟಗಾಗುತ್ತೆ ಎಂದಳು. ಜಲೀಲಾ ಆಗ ನಕ್ಕಿದ್ದಳು. ಅದು ಬೇರೆಯವರ ಬೆನ್ನಿನ ಮಾತು ಅಂದುಕೊಂಡಿದ್ದಳು.

ಗವರ್ನರ್ ಕಚೇರಿಗೆ ಅವಳು ಮೂರು ರಿಜಿಸ್ಟರ್ ಪತ್ರ ಬರೆದಿದ್ದಳು. ಅತ್ರಾ ಎಂಬ ವಿಧವೆಯ ತಂಬಾಕು ಅಂಗಡಿಯ ಪರವಾನಗಿ ರದ್ದಾದದ್ದರ ಮೂಲ ಕಡತ ಕಳಿಸಿ ಎಂದು. ಉತ್ತರವಿಲ್ಲ. ಉತ್ತರ ಬಾರದಿದ್ದರೆ ಆ ಮೌನವನ್ನೇ ಒಪ್ಪಿಗೆ ಎಂದು ತೆಗೆದುಕೊಂಡು ಮುಂದೆ ಹೋಗಬಹುದು, ಕಾನೂನಿನಲ್ಲಿ ಹಾಗೆಂದು ಇದೆ. ಚಪ್ಪಾಳೆ ಬಿದ್ದದ್ದೂ ಅದಕ್ಕೇ. ಆದರೆ ಬರಿಗೈಯಲ್ಲಿ ಗವರ್ನರ್ ವಿರುದ್ಧ ಬರೆದ ತೀರ್ಪು ಮೇಲಿನ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ನಾಲ್ಕನೆಯ ಪತ್ರ ಬರೆಯಲು ಕೂತವಳನ್ನು ನೋಡಿ ಗುಮಾಸ್ತೆ ರಫೀಕಾ, ಕಾಗದಕ್ಕೆ ಕಾಲಿಲ್ಲ ಅಮ್ಮಾವ್ರೇ, ಫೋನಿಗಿದೆ ಎಂದಿದ್ದಳು. ಈ ಊರಲ್ಲಿ ಎಲ್ಲರೂ ಹಾಗೆಯೇ. ಪತ್ರ ಕಡತಕ್ಕೆ, ಫೋನು ಕೆಲಸಕ್ಕೆ. ಮೊದಲು ಫೋನಿನಲ್ಲಿ ಕುಶಲ ಕೇಳಿ, ನಾನೊಂದು ಪತ್ರ ಕಳಿಸ್ತೀನಿ, ದಯವಿಟ್ಟು ಬೇಸರ ಮಾಡ್ಕೋಬೇಡಿ ಎಂದು ಹೇಳದೆ ಪತ್ರ ಕಳಿಸಿದವನನ್ನು ಸೊಕ್ಕಿನವನು ಅನ್ನುತ್ತಾರೆ. ಅವಳು ಮೂರು ಸಲ ಸೊಕ್ಕು ತೋರಿಸಿದ್ದಳು. ಕೊನೆಗೆ ಫೋನು ಎತ್ತಿದಳು. ಆ ಕಡೆಯಿಂದ ಪ್ರಧಾನ ಕಾರ್ಯದರ್ಶಿಯ ಮೆತ್ತಗಿನ ದನಿ ಬಂತು. ಯಾವ ಜಲೀಲಾ, ನಮ್ಮ ಲಝಾರನ ಮಗಳಾ, ಎಂದು ಕೇಳಿದ. ಅವಳಪ್ಪ ಕಾಫಿಗೆ ಎರಡು ಹನಿ ಕಿತ್ತಳೆ ಹೂವಿನ ನೀರು ಹಾಕಿ ತರುತ್ತಿದ್ದುದನ್ನು ನೆನೆದ. ನಮ್ಮ ಕಚೇರಿಯ ಮಗು ಇವತ್ತು ನಮ್ಮ ತಲೆ ಮೇಲೆ ಕೂತಿದೆ ಅಂದರೆ ಹೆಮ್ಮೆ ಎಂದ. ಅವಳು, ನಿಮ್ಮ ದಯೆ ಸೀದಿ, ಎಂದಳು, ಅಪ್ಪ ಸಾಹೇಬರನ್ನು ಕರೆಯುತ್ತಿದ್ದ ಹಾಗೆಯೇ. ಹೌದು ಸೀದಿ, ಎಂದಳು. ಎಷ್ಟು ಸಲ ಎಂದಳೋ. ಆ ಮಾತುಕತೆಯ ನೆನಪನ್ನು ಅವಳು ಪ್ರತಿ ರಾತ್ರಿ ಅಲ್ಲಿಗೆ ತಂದು ನಿಲ್ಲಿಸುತ್ತಿದ್ದಳು, ಗೋಡೆಗೆ ತಾಗಿದ ಕುರ್ಚಿಯ ಬಳಿ. ನಡುವೆ ಇನ್ನೂ ಏನೋ ಮಾತಾಗಿತ್ತು. ಅದನ್ನು ತೆಗೆದು ನೋಡುತ್ತಿರಲಿಲ್ಲ. ಸೀದಿ ಅಂದದ್ದೇ ಸಾಕಷ್ಟು ನಾಚಿಕೆಗೇಡು ಅನ್ನಿಸಿತ್ತು.

ಬೆಳಿಗ್ಗೆ ಗುಡ್ಡಗಳ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ಬಸ್ ನಿಲ್ದಾಣದ ಮೂಲೆಯಲ್ಲಿ ಲಬ್ಲಾಬಿ ಮಾರುವವನ ಕಡಲೆಸಾರಿನ ಹಂಡೆಯಿಂದ ಜೀರಿಗೆಯ ಆವಿ ಏಳುತ್ತಿತ್ತು. ಅವಳನ್ನು ಕಂಡು ಸಾಲಿನಲ್ಲಿದ್ದ ಇಬ್ಬರು ದಾರಿ ಬಿಟ್ಟರು. ಮೊದಲ ತಿಂಗಳುಗಳಲ್ಲಿ ಯಾರೂ ಹೀಗೆ ಬಿಡುತ್ತಿರಲಿಲ್ಲ. ಆಗ ಅವಳಿಗೆ ಅದು ಕೋರ್ಟಿಗೆ ಸಿಗದ ಮರ್ಯಾದೆ ಅನ್ನಿಸಿ ಬೇಸರವಾಗುತ್ತಿತ್ತು. ಈಗ ಬಿಟ್ಟ ದಾರಿಯಲ್ಲಿ ತಲೆ ತಗ್ಗಿಸಿ ನಡೆದಳು. ನ್ಯಾಯಾಲಯ ಇರುವುದು ಮದುವೆಯ ಉಡುಪು ಬಾಡಿಗೆಗೆ ಕೊಡುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಗಾಜಿನ ಹಿಂದೆ ತಲೆಯಿಲ್ಲದ ಮೂರು ಗೊಂಬೆಗಳು ಬಿಳಿ ಗೌನು ತೊಟ್ಟು ನಿಂತಿರುತ್ತವೆ. ವಾರಕ್ಕೆ ಒಂದಾದರೂ ತಾಯಿ-ಮಗಳ ಜೋಡಿ ತಪ್ಪಿ ಮೇಲೆ ಹತ್ತಿ ಬರುತ್ತದೆ. ಇವತ್ತೂ ಬಂದಿದ್ದರು. ರಫೀಕಾ ಮುಖ ಎತ್ತದೆ ಹೇಳುತ್ತಿದ್ದಳು: "ಗೌನು ಬೇಕಾದ್ರೆ ಕೆಳಗೆ. ತಲಾಖ್ ಬೇಕಾದ್ರೆ ಪೋಸ್ಟಾಫೀಸ್ ಪಕ್ಕದ ಕೋರ್ಟು. ಸರ್ಕಾರದ ಜೊತೆ ಜಗಳ ಆಡೋ ಹುಚ್ಚು ಹಿಡಿದೋರು ಮಾತ್ರ ಇಲ್ಲಿಗೆ ಬರೋದು." ಹುಡುಗಿ ನಕ್ಕಳು. ತಾಯಿ ನಗಲಿಲ್ಲ. ಅವಳು ಗೋಡೆಯ ಮೇಲಿನ ಫಲಕ ಓದಿ ಮಗಳ ತೋಳು ಹಿಡಿದು ಬೇಗ ಕೆಳಗಿಳಿದಳು.

ಮೇಜಿನ ಮೇಲೆ ಗವರ್ನರ್ ಕಚೇರಿಯ ಮೊಹರಿನ ಲಕೋಟೆ ಇತ್ತು. ಮೂರು ಪತ್ರಕ್ಕೆ ಬಾರದ ಕಡತ ಒಂದು ಫೋನಿಗೆ ಬಂದಿತ್ತು. ಹದಿನಾಲ್ಕು ಹಾಳೆ, ಒಂದರಿಂದ ಹದಿನಾಲ್ಕರವರೆಗೆ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಹಾಕಿದ ಅಂಕಿ. ಮೊದಲ ಹಾಳೆ ಎರಡು ವರ್ಷ ಹಳೆಯದು, ಕೊನೆಯದು ಎಂಟು ತಿಂಗಳ ಹಿಂದಿನದು, ಆದರೆ ಅಂಕಿಗಳ ಶಾಯಿ ಎಲ್ಲ ಕಡೆ ಒಂದೇ ಥರ ತಾಜಾ. ಅವಳು ಎರಡು ಸಲ ಮಗುಚಿದಳು. ಹುಡುಕಿದ್ದು ಇರಲಿಲ್ಲ. ಶಾಖೆಯ ಅಧ್ಯಕ್ಷ ಹಾತಿಮ್ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತ, ನೋಡಿದ್ರಾ, ಕಲೀತಿದ್ದಾರೆ, ಈ ವರ್ಷದ ವರದಿಯಲ್ಲಿ ಇದನ್ನು ಬರೆಯಲೇಬೇಕು, ಆಡಳಿತ ತಾನಾಗಿ ಸಹಕರಿಸಿತು ಅಂತ, ಎಂದ. ಒಳ್ಳೆಯ ಮನುಷ್ಯ. ಟ್ಯೂನಿಸಿನಿಂದ ವರ್ಗವಾಗಿ ಬಂದು ಹೆಂಡತಿಯನ್ನು ಬಿಟ್ಟು ಒಂದು ಕೋಣೆಯಲ್ಲಿ ಇದ್ದಾನೆ, ಸಂಜೆ ತಾನೇ ಸಾರು ಮಾಡಿಕೊಳ್ಳುತ್ತಾನೆ, ಈ ನ್ಯಾಯಾಲಯವನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಅವಳು, ಒಂದು ಟಿಪ್ಪಣಿ ಇದರಲ್ಲಿ ಇಲ್ಲ ಅನ್ನಿಸುತ್ತೆ ಸರ್, ಎಂದಳು. ಯಾವ ಟಿಪ್ಪಣಿ? ಇತ್ತು ಅಂತ ನಿಮಗೆ ಹೇಗೆ ಗೊತ್ತು? ಅವನು ಸುಮ್ಮನೆ ಕೇಳಿದ್ದ, ಶಂಕೆಯಿಂದಲ್ಲ. ಇರಬಹುದು ಅಂತ, ಎಂದಳು. ಅವನು ತಲೆಯಾಡಿಸಿ ಹೋದ. ಅವಳು ಹದಿನಾಲ್ಕು ಹಾಳೆಗಳನ್ನು ಮತ್ತೆ ಲಕೋಟೆಗೆ ಸೇರಿಸಿದಳು.

ಗೊತ್ತಿತ್ತು. ಅಕ್ಟೋಬರಿನಲ್ಲಿ ಅತ್ರಾ ಅದನ್ನು ಇದೇ ಮೆಟ್ಟಿಲ ಮೇಲೆ ತೋರಿಸಿದ್ದಳು, ಗೊಂಬೆಗಳ ತಲೆಯಿಲ್ಲದ ಕತ್ತುಗಳು ಕಾಣುವ ತಿರುವಿನಲ್ಲಿ. ಗಂಡ ಸತ್ತಾಗ ಅವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತಿದ್ದಳು. ಹೊಸ್ತಿಲು ದಾಟಲಿಲ್ಲ. ಅಂಗಡಿಗೆ ಬೀಗ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಮುಚ್ಚಿದ ತಂಬಾಕು ಅಂಗಡಿಯ ಪರವಾನಗಿ ರದ್ದು ಎಂಬ ನಿಯಮ ಹಿಡಿದು ಅವಳದನ್ನು ಕಿತ್ತು ಬೇರೊಬ್ಬನಿಗೆ ಕೊಟ್ಟರು. ಕೆಳಗಿನ ಅಧಿಕಾರಿ ಒಂದು ಟಿಪ್ಪಣಿ ಬರೆದಿದ್ದ: ಹೆಂಗಸು ಇದ್ದತ್‌ನಲ್ಲಿದ್ದಾಳೆ, ಮುಗಿಯುವವರೆಗೆ ಕಾಯುವುದು ಉಚಿತ. ಅದರ ಅಂಚಿನಲ್ಲಿ ಗವರ್ನರ್ ಕೈಯ ಶರಾ: ಅವಳು ಹೊರಗೆ ಬರುವ ಮೊದಲೇ ಮುಗಿಸಿ. ಅತ್ರಾಳ ಕೈಯಲ್ಲಿದ್ದದ್ದು ಮೂಲವಲ್ಲ, ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರದ ಬಣ್ಣದ ಪ್ರಿಂಟು. ಟಿಪ್ಪಣಿ ಕಪ್ಪು, ಶರಾ ಹಸಿರು. ಅರ್ಜಿಗೆ ಲಗತ್ತಿಸಲೇ ತಂಗಿ, ಎಂದು ಕೇಳಿದ್ದಳು. ಜಲೀಲಾ ಅದನ್ನು ಓದಿ, ಬೇಡ, ಎಂದಿದ್ದಳು. ಲಗತ್ತಿಸಿದರೆ ಒಂದು ಪ್ರತಿ ಗವರ್ನರ್ ಕಚೇರಿಗೂ ಹೋಗುತ್ತೆ, ಕೊಟ್ಟವರು ಯಾರೋ ಅವರಿಗೆ ತೊಂದರೆ. ನಾನೇ ಮೂಲ ತರಿಸ್ತೀನಿ. ಇದನ್ನು ನನಗೆ ತೋರಿಸಿದ್ದನ್ನೂ ಯಾರಿಗೂ ಹೇಳಬೇಡಿ. ಅತ್ರಾ ಹಾಳೆಯನ್ನು ಮಡಚಿ ಎದೆಯೊಳಗೆ ಸೇರಿಸಿ, ನನ್ನ ಬಾಯಿ ಸಮಾಧಿ, ಎಂದಿದ್ದಳು. ಅವತ್ತು ಮನೆಗೆ ಹೋಗುವಾಗ ಜಲೀಲಾಗೆ ತನ್ನ ಮೇಲೆ ಅಪರೂಪದ ಮೆಚ್ಚುಗೆಯಾಗಿತ್ತು. ಎಷ್ಟು ಜಾಗ್ರತೆ ತನಗೆ, ಎಂದು.

ಹತ್ತೂವರೆಗೆ ರಫೀಕಾ ಇಣುಕಿ, ನಿಮ್ಮ ತಂದೆಯ ಪರಿಚಯದೋರಂತೆ, ಅರ್ಜಿ ತಂದಿದ್ದಾರೆ, ಕೌಂಟರಿನಲ್ಲಿ ಕೊಡಿ ಅಂದ್ರೆ ಮೊದಲು ನಿಮ್ಮನ್ನು ನೋಡಬೇಕಂತೆ, ಎಂದಳು. ಒಳಗೆ ಬಂದವನು ಮೆಸ್ಸಾವುದ್. ಗವರ್ನರ್ ಕಚೇರಿಯ ದಾಖಲೆ ಕೋಣೆಯವನು. ಅವಳು ಚಿಕ್ಕವಳಿದ್ದಾಗ ರಜೆಯ ದಿನ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋದರೆ ಅವಳನ್ನು ಕಪಾಟುಗಳ ನಡುವೆ ಕೂರಿಸಿ ಹಳೆಯ ಲಕೋಟೆಗಳ ಅಂಚೆಚೀಟಿ ಹರಿದು ಕೊಡುತ್ತಿದ್ದ. ಈಗ ಅದೇ ಉಣ್ಣೆಯ ಟೋಪಿ, ಒಳಗೆ ಸಣ್ಣದಾದ ತಲೆ. ಎದ್ದು ನಿಂತಳು. ಹಿರಿಯರಿಗೆ ಏಳುವುದು ಬೇರೆ ಎಂದುಕೊಂಡಳು, ಹಾಗೆ ಅಂದುಕೊಳ್ಳಬೇಕಾಗಿ ಬಂದದ್ದಕ್ಕೆ ಹಿಂಸೆಯಾಯಿತು.

"ಅಪ್ಪ ಹೇಗಿದಾನಮ್ಮ? ನನ್ನ ಗುರುತು ಹಿಡೀತಾನಾ?" ಕೂತ ಮೇಲೆ ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನೀನು ಈಗ... ನೀವು ಈಗ ದೊಡ್ಡೋರು. ಹೇಗೆ ಮಾತಾಡಬೇಕೋ ಗೊತ್ತಾಗಲ್ಲ."

"ನೀನು ಅಂತಲೇ ಅನ್ನಿ ಚಿಕ್ಕಪ್ಪ."

ಅವನನ್ನು ವರ್ಗ ಮಾಡಿದ್ದರು. ಕೆಲಸದ ಅಗತ್ಯದ ಮೇರೆಗೆ, ಎಂದು ಆಜ್ಞೆಯಲ್ಲಿತ್ತು. ಮುನ್ನೂರು ಕಿಲೋಮೀಟರ್ ದಕ್ಷಿಣಕ್ಕೆ, ಮರಳಿನ ಅಂಚಿನ ಗಡಿ ಕಚೇರಿ. ದಾಖಲೆ ಕೋಣೆಯೇ ಇಲ್ಲದ ಜಾಗಕ್ಕೆ ದಾಖಲೆ ಕೋಣೆಯವನನ್ನು ಕಳಿಸ್ತಿದ್ದಾರೆ, ಅಲ್ಲಿ ಒಂಟೆಗಳ ಹಾಜರಿ ಬರೀಬೇಕೇನೋ, ಎಂದು ಅವನು ನಕ್ಕ. ನಿವೃತ್ತಿಗೆ ಮೂರು ವರ್ಷವಿದೆ. ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಯಂತ್ರ ಇರುವುದು ಈ ಊರಿನ ಆಸ್ಪತ್ರೆಯಲ್ಲಿ. ಅವಳನ್ನು ಬಿಟ್ಟು ಹೋಗುವಂತಿಲ್ಲ, ಕರೆದುಕೊಂಡು ಹೋದರೆ ಉಳಿಯುವುದಿಲ್ಲ. ಇದನ್ನೆಲ್ಲ ಅವನು ಬೇರೆ ಯಾರದೋ ಸಂಗತಿಯಂತೆ, ಹಾಳೆಗಳನ್ನು ದಿನಾಂಕದ ಪ್ರಕಾರ ಜೋಡಿಸುವವನಂತೆ ಒಂದೊಂದಾಗಿ ಹೇಳಿದ. ಜಲೀಲಾ ಆಜ್ಞೆಯ ದಿನಾಂಕ ನೋಡಿದಳು. ಆರು ದಿನದ ಹಿಂದಿನದು. ಒಂಬತ್ತರಿಂದ ಆರು ಕಳೆದರೆ ಮೂರು. ಇದೇಕೆ ಹೀಗೆ ಲೆಕ್ಕ ಹಾಕುತ್ತಿದ್ದೇನೆ ಎಂದುಕೊಂಡಳು.

"ಕಾರಣ ಏನಿರಬಹುದು ಚಿಕ್ಕಪ್ಪ?" ಎಂದು ಕೇಳಿದಳು. ದನಿ ತನ್ನದೇ ಕಚೇರಿ ದನಿಯಾಗಿತ್ತು.

ಅವನು ಬಾಗಿಲ ಕಡೆ ನೋಡಿ ಮುಂದಕ್ಕೆ ಬಾಗಿದ. "ಆ ಅತ್ರಾಗೆ ನಾನೊಂದು ಚಿತ್ರ ತೆಗೆದು ಕೊಟ್ಟಿದ್ದೆ. ನಿನಗೆ ಹೇಳಬಾರದೇನೋ, ನೀನು ನ್ಯಾಯಾಧೀಶೆ. ಮೂವತ್ತು ವರ್ಷ ಏನೇನೋ ಫೈಲು ಮಾಡಿದೀನಮ್ಮ, ಒಂದನ್ನೂ ಎರಡನೇ ಸಲ ಓದಿರಲಿಲ್ಲ. ಇದನ್ನ ಮೂರು ಸಲ ಓದಿದೆ. ಇದ್ದತ್ ಕೂತ ಹೆಂಗಸು... ಸರಿ. ಕೊಟ್ಟೆ. ಕಾರ್ಯದರ್ಶಿಗಳು ಯಾವತ್ತೂ ನನ್ನ ಕೋಣೆಗೆ ಇಳಿದೋರಲ್ಲ. ಈ ಆಜ್ಞೆ ಬರೋಕೆ ಮೂರು ದಿನ ಮೊದಲು ಇಳಿದ್ರು. ಟಿಪ್ಪಣಿ ಕೊಡು ಅನ್ನಲಿಲ್ಲ. ಹಸಿರು ಶಾಯಿದು ಎಲ್ಲಿದೆ, ಅಂದ್ರು. ಅಷ್ಟೇ ಮಾತು. ಉಳಿದ ಪ್ರತಿಗಳೆಲ್ಲ ಶರಾ ಬೀಳೋ ಮೊದಲಿನವು. ಅದರ ಮೇಲೆ ಶರಾ ಇದೆ, ಅದೂ ಹಸಿರು ಅಂತ ಈ ಊರಲ್ಲಿ ಮೂರೇ ಜನಕ್ಕೆ ಗೊತ್ತು. ಬರೆದೋರು, ನಾನು, ಆ ಹೆಂಗಸು."

ಇಲ್ಲ ಸೀದಿ, ಅದು ಸುಟ್ಟಿರಲಿಕ್ಕಿಲ್ಲ, ಎಂದು ಅವಳು ಅವತ್ತು ಫೋನಿನಲ್ಲಿ ಹೇಳಿದ್ದಳು. ಕುರ್ಚಿ ಗೋಡೆಗೆ ತಾಗುವ ಮೊದಲು, ಕಾಫಿಯ ಮಾತಿನ ನಂತರ. ಆ ಕಡತ ಎಲ್ಲಿ ಉಳಿದಿದೆಯಮ್ಮ, ಆ ಜನವರಿಯಲ್ಲಿ ಕಚೇರಿಗೆ ಬೆಂಕಿ ಬಿದ್ದಾಗ ಎಲ್ಲ ಹೋಯ್ತಲ್ಲ, ಎಂದಿದ್ದ ಕಾರ್ಯದರ್ಶಿ. ಸರ್ಕಾರ ಉರುಳಿ ಎಂಟು ವರ್ಷವಾದರೂ ಈ ಊರಿನ ಕಚೇರಿಗಳಲ್ಲಿ ಸಿಗದ ಕಾಗದವೆಲ್ಲ ಇನ್ನೂ ಅದೇ ಬೆಂಕಿಯಲ್ಲಿ ಸುಡುತ್ತಿದೆ. ಹೋದ ವರ್ಷದ ಕಾಗದ ಎಂಟು ವರ್ಷ ಹಿಂದಿನ ಬೆಂಕಿಯಲ್ಲಿ ಸುಡುವುದಿಲ್ಲ. ಹಾಗಾದರೆ ಅದನ್ನೇ ಬರೆದು ಕಳಿಸಿ, ಎನ್ನಬೇಕಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಅವಳಿಗೆ, ಆ ಮೆತ್ತಗಿನ ದನಿಯ ದೊಡ್ಡ ಮನುಷ್ಯ ತನ್ನೆದುರು ಸುಳ್ಳಿನಲ್ಲಿ ಸಿಕ್ಕಿಬಿದ್ದನಲ್ಲ ಎಂದು ಅವನ ಪರವಾಗಿ ಸಂಕೋಚವಾಗಿತ್ತು. ಅವನನ್ನು ಆ ಮುಜುಗರದಿಂದ ಬೇಗ ಪಾರು ಮಾಡಬೇಕು ಅನ್ನಿಸಿತ್ತು, ಚೆಲ್ಲಿದ ಕಾಫಿಯನ್ನು ಸಾಹೇಬರು ನೋಡುವ ಮೊದಲೇ ಒರೆಸುವವರ ಹಾಗೆ. ಬೇರೆ ಕಡತದ ಜೊತೆ ಕಲೆಸಿ ಹೋಗಿರಬಹುದು ಸೀದಿ, ಎಂದಿದ್ದಳು. ಇದ್ದತ್ ವಿಷಯದ ಟಿಪ್ಪಣಿ, ಅಂಚಿನಲ್ಲಿ ಹಸಿರು ಶಾಯಿಯ ಶರಾ ಇದೆಯಲ್ಲ, ಅದು. ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಅವನು, ಓ, ಅದಾ, ಎಂದ. ಹಸಿರು ಶಾಯಿದು. ಇದೆ, ಇದೆ. ನೋಡಿಸ್ತೀನಿ ಮಗಳೇ. ಅಪ್ಪನಿಗೆ ನನ್ನ ಸಲಾಂ ಹೇಳು. ಹೌದು ಸೀದಿ.

ಮೆಸ್ಸಾವುದ್ ಮಾತಾಡುತ್ತಲೇ ಇದ್ದ. "ಕಚೇರೀಲಿ ಒಬ್ಬ ಅಂದ, ಕೋರ್ಟಿನಿಂದಲೇ ಯಾರೋ ಬಾಯಿಬಿಟ್ಟಿರಬೇಕು ಅಂತ. ಬೈದೆ ಅವನಿಗೆ. ಅಲ್ಲಿರೋಳು ಲಝಾರನ ಮಗಳು ಕಣೋ ಅಂದೆ. ಲಝಾರ್ ಆ ಬಾಗಿಲಲ್ಲಿ ಕೂತು ಏನೇನು ಕೇಳಿಸ್ಕೊಂಡಿಲ್ಲ? ಒಂದು ಮಾತು ಹೊರಗೆ ಬಂದಿತ್ತಾ? ಆ ಹೆಂಗಸೇ. ಹೆಂಗಸರ ಸ್ನಾನದ ಮನೇಲಿ ಹೇಳಿರ್ತಾಳೆ. ನಿನ್ನೆ ದಾರೀಲಿ ಸಿಕ್ಕಿ ಸಲಾಂ ಅಂದಳು, ಮುಖ ತಿರುಗಿಸಿ ಬಂದೆ."

ಈಗ ಹೇಳಬೇಕು, ಎಂದುಕೊಂಡಳು. ಈಗ, ಅವನು ಟೋಪಿ ಹಾಕಿಕೊಳ್ಳುವ ಮೊದಲು. ಹೇಳಿದರೆ ಏನೇನಾಗುತ್ತದೆ ಎಂಬುದು ತರಬೇತಿಯ ಪರದೆಯ ಮೇಲಿನ ಸಾಲುಗಳಂತೆ ಸ್ಪಷ್ಟವಾಗಿತ್ತು. ಮೂಲ ಟಿಪ್ಪಣಿ ಇದೆ ಎಂದು ಕಾರ್ಯದರ್ಶಿಯೇ ಫೋನಿನಲ್ಲಿ ಒಪ್ಪಿಕೊಂಡದ್ದಕ್ಕೆ ಅವಳು ಸಾಕ್ಷಿ. ಹದಿನಾಲ್ಕು ಹಾಳೆಯ ಈ ಕಡತ ಸೋಸಿದ ಕಡತ ಎಂಬುದಕ್ಕೆ ಅವಳು ಸಾಕ್ಷಿ. ಅತ್ರಾಗೆ ಅಂಗಡಿ ಸಿಗಬಹುದು. ಈ ವರ್ಗಾವಣೆ ಕೆಲಸದ ಅಗತ್ಯವಲ್ಲ, ಶಿಕ್ಷೆ ಎಂದು ರುಜುವಾಗಬಹುದು. ಅವಳು ಮಾತ್ರ ಇಲ್ಲಿ ಇರುವಂತಿಲ್ಲ. ಮೆಟ್ಟಿಲ ಮೇಲೆ ಒಂದು ಪಕ್ಷದವಳ ಕಾಗದ ಓದಿ, ಫೋನಿನಲ್ಲಿ ಇನ್ನೊಂದು ಪಕ್ಷಕ್ಕೆ ಹೇಳಿದ ನ್ಯಾಯಾಧೀಶೆ. ಪತ್ರಿಕೆಯವರು ಬರೆಯುತ್ತಾರೆ, ಹೊಸ ಕೋರ್ಟೂ ಹಳೆಯದರ ಹಾಗೆಯೇ ಎಂದು ಊರು ನಿಟ್ಟುಸಿರು ಬಿಡುತ್ತದೆ, ಹಾತಿಮ್ ತನ್ನ ಕೋಣೆಯಲ್ಲಿ ಸಾರು ಕುದಿಸುತ್ತ ಕೂರುತ್ತಾನೆ. ನ್ಯಾಯಾಲಯದ ಹೆಸರು ಉಳಿಸಲು ಸುಮ್ಮನಿರಬೇಕು ಎಂಬ ಆಲೋಚನೆ ಎಷ್ಟು ಬೇಗ, ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ಅದನ್ನು ಮೊದಲೇ ಯಾರೋ ಬರೆದಿಟ್ಟಿದ್ದಂತೆ ಅನ್ನಿಸಿತು. ಬಾಯಿ ತೆರೆದಳು. ನಿಮ್ಮ ಅರ್ಜಿಯಲ್ಲಿ ದಿನಾಂಕ ಬಿಟ್ಟುಹೋಗಿದೆ ಚಿಕ್ಕಪ್ಪ, ಎಂದಳು. ಅವನು ಅಯ್ಯೋ ಹೌದಲ್ಲ ಎಂದು ಜೇಬು ತಡಕಿದ. ಪೆನ್ನು ಅವಳೇ ಕೊಟ್ಟಳು.

ಅವನು ಬಗ್ಗಿ ಬರೆಯುತ್ತಿದ್ದಾಗ ಅವಳು ಅರ್ಜಿಯನ್ನು ತಲೆಕೆಳಗಾಗಿ ಓದಿದಳು. ಕೆಳಗಿನಿಂದ ಎರಡನೆಯ ಸಾಲು: ವಿಷಯವು ಮೇಲಧಿಕಾರಿಗಳಿಗೆ ಹೇಗೆ ತಿಳಿಯಿತೆಂಬುದು ಅರ್ಜಿದಾರನಿಗೆ ತಿಳಿದಿಲ್ಲ.

ಹನ್ನೆರಡಕ್ಕೆ ಅತ್ರಾ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಒಳಗೆ ಬರಲು ಒಪ್ಪದೆ ಮೆಟ್ಟಿಲ ತಿರುವಿನಲ್ಲೇ ನಿಂತು ಹೇಳಿ ಕಳಿಸಿದಳು. ಚಳಿಗೆ ಕೆಂಪಾದ ಕೈಗಳು, ಬೆರಳುಗಳಲ್ಲಿ ಆಲಿವ್ ಬಿಡಿಸಿದ ಕಪ್ಪು. ಅಂಗಡಿ ಹೋದ ಮೇಲೆ ಅವಳು ಬೇರೆಯವರ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದಳು.

"ಆ ಕಾಗದ ನಾನು ಕೊಡಲ್ಲ ತಂಗಿ. ಮೆಸ್ಸಾವುದ್ ಅವರಿಗೆ ಹೀಗಾಗಿದೆ. ಅದನ್ನ ಹೊರಗೆ ತೆಗೆದ್ರೆ ಅವರೇ ಕೊಟ್ಟಿದ್ದು ಅಂತ ನಾನೇ ಬೆರಳು ತೋರಿಸಿದ ಹಾಗೆ. ನನ್ನ ಅಂಗಡಿ ಹೋದ್ರೆ ಹೋಗಲಿ."

ಬೇಕಾಗಿಲ್ಲ, ಬೇರೆ ದಾರಿ ನೋಡೋಣ, ಎಂದೇನೋ ಜಲೀಲಾ ಅಂದಳು. ಬೇರೆ ದಾರಿ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

"ಎಲ್ಲಿ ಬಾಯಿ ಜಾರಿತೋ ಯೋಚನೆ ಮಾಡ್ತಾನೇ ಇದೀನಿ," ಎಂದಳು ಅತ್ರಾ. "ಗಿರಣೀಲಾ, ಸ್ನಾನದ ಮನೇಲಾ. ನೆನಪೇ ಆಗ್ತಿಲ್ಲ. ನಿದ್ದೇಲಿ ಮಾತಾಡ್ತೀನಿ ಅಂತ ಮಗಳು ಅಂತಾಳೆ. ನಾನೇ ಇರಬೇಕು." ಅವಳು ಜಲೀಲಾಳ ಮುಖ ನೋಡಿದಳು. "ಇನ್ಯಾರು ಇರ್ತಾರೆ, ಹೇಳಿ?"

ಕೆಳಗೆ ಅಂಗಡಿಯಲ್ಲಿ ಯಾರೋ ಹುಡುಗಿ ಗೌನು ತೊಟ್ಟು ನೋಡುತ್ತಿದ್ದಳು, ಹೆಂಗಸರು ನಾಲಿಗೆ ಆಡಿಸಿ ಉಲಿ ಹಾಕಿದರು. ಆ ಸದ್ದು ಮುಗಿಯುವವರೆಗೆ ಅತ್ರಾ ಕಾದಳು. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವವರು ಹೀಗೆ ಕಾಯುತ್ತಾರೆ. ಅತ್ರಾಗೆ ಗೊತ್ತಿದೆಯೇ? ಹಾಳೆಯನ್ನು ಕಂಡವರು ಜಲೀಲಾಳೂ ಸೇರಿ ನಾಲ್ಕು ಜನ ಎಂದು ಲೆಕ್ಕ ಹಾಕಲು ಬರುವುದು ಈ ಊರಿನಲ್ಲಿ ಅವಳೊಬ್ಬಳಿಗೇ. ಜಲೀಲಾ ಸುಮ್ಮನಿದ್ದಳು. ಅತ್ರಾಳ ಕಣ್ಣು ನಿಧಾನಕ್ಕೆ ಗೊಂಬೆಗಳ ಕಡೆ ಹೊರಳಿತು.

"ಇರಲಿ. ನಿಮಗೆ ತೋರಿಸಿದ್ದನ್ನ ಮಾತ್ರ ಯಾರಿಗೂ ಹೇಳಿಲ್ಲ ತಂಗಿ. ನೀವು ಹೇಳಬೇಡಿ ಅಂದಿದ್ರಿ," ಎಂದು ಅವಳು ಸೆರಗು ಸರಿ ಮಾಡಿಕೊಂಡು ಇಳಿದು ಹೋದಳು.

ಮಧ್ಯಾಹ್ನ ಹಾತಿಮ್ ಮೆಸ್ಸಾವುದನ ಅರ್ಜಿಯನ್ನು ಅವಳಿಗೇ ವಹಿಸಿದ. ಒಂದು ಕಡತದಿಂದ ಹಿಂದೆ ಸರಿಯಲು ಅರ್ಧ ಹಾಳೆಯ ನಮೂನೆಯಿದೆ, ನಾಲ್ಕು ಸಾಲು. ಹೆಸರು, ಕಡತದ ಸಂಖ್ಯೆ, ಕಾರಣ, ಸಹಿ. ಕಾರಣದ ಮುಂದೆ ಒಂದೂವರೆ ಗೆರೆ ಜಾಗ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಫೋನಿನಲ್ಲಿ ಆಡಿದ್ದು ಒಂದೂವರೆ ಗೆರೆಯಲ್ಲಿ ಹಿಡಿಯುವಷ್ಟೇ ಸಂಗತಿ. ಕೊನೆಗೆ ಬರೆದಳು: ಅರ್ಜಿದಾರರು ನನ್ನ ತಂದೆಯ ಸಹೋದ್ಯೋಗಿಗಳಾಗಿದ್ದು ಬಾಲ್ಯದಿಂದ ಪರಿಚಿತರು. ಒಂದು ಅಕ್ಷರವೂ ಸುಳ್ಳಲ್ಲ. ಅತ್ರಾಳ ಕಡತದ ಬಗ್ಗೆ ಅಂಥ ಕಾರಣವೂ ಸಿಗಲಿಲ್ಲ, ಅದು ಅವಳ ಮೇಜಿನಲ್ಲೇ ಉಳಿಯಿತು, ಹದಿನಾಲ್ಕು ಹಾಳೆ. ಹಾತಿಮ್ ನಮೂನೆಯನ್ನು ಓದಿ ಕನ್ನಡಕ ತೆಗೆದ. ಅವನ ಕಣ್ಣು ತುಸು ತೇವವಾಗಿತ್ತು, ಚಳಿಗೆ ಇರಬಹುದು. "ಟ್ಯೂನಿಸಿನಲ್ಲಿ ಅಣ್ಣ-ತಮ್ಮಂದಿರ ಕೇಸನ್ನೇ ಕೇಳಿದೋರನ್ನ ನೋಡಿದೀನಿ. ಅಂತಃಸಾಕ್ಷಿ ಅಂದ್ರೆ ಇದು ಕಣಮ್ಮ. ಇದರ ಒಂದು ಪ್ರತಿ ತರಬೇತಿಗೆ ಬರೋ ಮಕ್ಕಳಿಗೆ ತೋರಿಸಬೇ..." ಅವಳು ಅವನ ಮಾತು ಮುಗಿಯುವ ಮೊದಲೇ, ಬೇಡ ಸರ್, ಎಂದಳು. ಅವನು ಅದನ್ನೂ ವಿನಯ ಎಂದೇ ತಿಳಿದ.

ಸಂಜೆ ಮನೆಯಲ್ಲಿ ಅವಳು ಬೇಳೆಯ ಸಾರು ಬಿಸಿ ಮಾಡಿ, ರೊಟ್ಟಿ ಮುರಿದು ಅಪ್ಪನ ಬಟ್ಟಲಿಗೆ ಹಾಕಿ ಚಮಚ ಕೈಗೆ ಕೊಟ್ಟಳು. ಇವತ್ತು ಅವನಿಗೆ ಅವಳ ಹೆಸರು ನೆನಪಿತ್ತು. ಮೆಸ್ಸಾವುದ್ ಸಿಕ್ಕಿದ್ದ ಬಾಬಾ, ಎಂದಳು. ಮೆಸ್ಸಾವುದ್ ಒಳ್ಳೆ ಹುಡುಗ, ಎಂದ ಅಪ್ಪ, ಕಾಗದ ಕಳೆಯಲ್ಲ. ಆಗ ಅವಳ ಮೊಬೈಲು ಮೇಜಿನ ಮೇಲೆ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಗವರ್ನರ್ ಕಚೇರಿಯ ಸಂಖ್ಯೆ. ಕಡತ ತಲುಪಿತಾ ಮಗಳೇ, ಎಂದು ಕೇಳುವುದಕ್ಕಿರಬೇಕು. ಅಪ್ಪ ಎದ್ದ. ಬಟ್ಟಲು ಅಲ್ಲಾಡಿ ಸಾರು ಚೆಲ್ಲಿತು, ಕುರ್ಚಿಯ ಕಾಲು ನೆಲಕ್ಕೆ ಉಜ್ಜಿತು. ಅವಳು ಎರಡು ಕೈಯಿಂದಲೂ ಮೇಜಿನ ಅಂಚು ಹಿಡಿದು ಕೂತಳು. ಮೊಣಕಾಲ ಹಿಂದಿನ ನರಗಳು ಎಳೆಯುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು. ಏಳಲಿಲ್ಲ, ಫೋನನ್ನೂ ತೆಗೆದುಕೊಳ್ಳಲಿಲ್ಲ. ತಗೋ, ಸಾಹೇಬ್ರು ಕಾಯ್ತಿದಾರೆ, ಎಂದು ಅಪ್ಪ ಪಿಸುಗುಟ್ಟಿದ. ಹನ್ನೊಂದು ಸಲ ಬಡಿದುಕೊಂಡು ಅದು ನಿಂತಿತು.

ಸಾರು ಒರೆಸುತ್ತ ಅವಳಿಗೆ ಹೊಳೆಯಿತು, ಇವನಿಗೆ ಹೇಳಬಹುದು. ಬೆಳಗಾಗುವುದರೊಳಗೆ ಇವನಿಗೆ ನೆನಪಿರುವುದಿಲ್ಲ. ಒಂದು ಸಲ ಬಾಯಿಂದ ಹೊರಗೆ ಹೋದರೆ ಸಾಕು, ಗಟ್ಟಿಯಾಗಿ, ಇನ್ನೊಬ್ಬರ ಕಿವಿಗೆ. ಒಳಗೆ ಇದು ಹೀಗೇ ಇದ್ದರೆ ನಾಳೆ ಆ ಕಡತ ತೆರೆಯುವುದು ಹೇಗೆ?

"ಬಾಬಾ," ಎಂದಳು. "ನಿಮಗೊಂದು ವಿಷಯ ಹೇಳಬೇಕು. ನಾನು ಅವತ್ತು ಫೋನಿನಲ್ಲಿ..."

ಅವಳ ದನಿಯಲ್ಲಿ ಅವನಿಗೆ ಏನು ಕೇಳಿಸಿತೋ. ನಿಂತಿದ್ದ ಅಪ್ಪ ಮೆಲ್ಲಗೆ ಅರ್ಧ ಸುತ್ತು ತಿರುಗಿ ಗೋಡೆಯ ಕಡೆ ಮುಖ ಮಾಡಿದ. ಅವಳು ಚಿಕ್ಕಂದಿನಲ್ಲಿ ಆ ಉದ್ದದ ಮೊಗಸಾಲೆಯಲ್ಲಿ ಬುತ್ತಿ ಹಿಡಿದು ನಿಂತು ಇದನ್ನು ನೋಡಿದ್ದಳು. ಸಾಹೇಬರ ಕೋಣೆಯೊಳಗೆ ದನಿ ಏರಿದಾಗ, ಯಾರೋ ಅತ್ತಾಗ, ಅಪ್ಪ ಹೀಗೆಯೇ ಗೋಡೆಯ ಕಡೆ ತಿರುಗಿ ಸುಣ್ಣದ ಬಿರುಕುಗಳನ್ನು ನೋಡುತ್ತ ನಿಲ್ಲುತ್ತಿದ್ದ. ನನಗೆ ಕೇಳಿಸಲಿಲ್ಲ ಎಂದು ಬೆನ್ನಿನಿಂದಲೇ ತಿಳಿಸುತ್ತಿದ್ದ. ಅದರಿಂದಲೇ ಮನೆಗೆ ರೊಟ್ಟಿ ಬರುತ್ತಿತ್ತು, ಅವಳ ಶಾಲೆಯ ಪುಸ್ತಕ ಬರುತ್ತಿತ್ತು, ಕಾನೂನು ಕಾಲೇಜಿನ ಹಾಸ್ಟೆಲಿನ ಹಾಸಿಗೆ ಬಂದಿತ್ತು.

ಅವಳು ಸ್ವಲ್ಪ ಹೊತ್ತು ಆ ಬೆನ್ನನ್ನು ನೋಡಿದಳು. ಮರೆಯುವವನಿಗೂ ಹೇಳುವುದಿಲ್ಲ, ಎಂದು ನಿಶ್ಚಯಿಸಿದಳು. ಯಾರಿಗೂ ಹೇಳುವುದಿಲ್ಲ. ನಿಶ್ಚಯವಾದ ಮೇಲೆ ಬಟ್ಟೆಯನ್ನು ಹಿಂಡಿ, ಮಡಚಿ, ತೊಟ್ಟಿಯ ಅಂಚಿನಲ್ಲಿ ಹಾಕಿದಳು.

"ಏನಾದ್ರೂ ಅಂದೆಯಾ?" ಎಂದ ಅಪ್ಪ, ಗೋಡೆಗೆ.

"ಇಲ್ಲ ಬಾಬಾ. ಕೂತ್ಕೊಳ್ಳಿ."

ಅವಳು ತೋಳು ಹಿಡಿದು ಅವನನ್ನು ಕುರ್ಚಿಗೆ ತಂದಳು. ಅವನು ಅಂಚಿನಲ್ಲಿ ಕೂತ. ಎದುರಿನ ಕುರ್ಚಿ ಎಳೆದುಕೊಂಡು ಅವಳೂ ಕೂತು, ತಣ್ಣಗಾದ ಸಾರಿಗೆ ರೊಟ್ಟಿ ಅದ್ದಿದಳು.